ಹ್ಯೂ ಕ್ಲೆಗ್‌ಹಾರ್ನ್

ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್ (೯ ಆಗಸ್ಟ್ ೧೮೨೦ – ೧೬ ಮೇ ೧೮೯೫) ಸ್ಕಾಟ್‌ಲೆಂಡ್ ಮೂಲದ ವೈದ್ಯ, ಸಸ್ಯಶಾಸ್ತ್ರಜ್ಞ ಹಾಗೂ ಅರಣ್ಯಾಧಿಕಾರಿ. ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಈತನನ್ನು ಭಾರತದ ವೈಜ್ಞಾನಿಕ ಅರಣ್ಯಶಾಸ್ತ್ರದ ಪಿತಾಮಹರಲ್ಲಿ ಒಬ್ಬನೆಂದು ಪರಿಗಣಿಸಲಾಗುತ್ತದೆ. ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ವೈದ್ಯನಾಗಿದ್ದಾಗ ಆರಂಭವಾದ ಸಸ್ಯಾಧ್ಯಯನವು ಈತನನ್ನು ಪಶ್ಚಿಮ ಘಟ್ಟಗಳ ಕಾಡುಗಳ ನಾಶವನ್ನು ಕುರಿತು ಸರ್ಕಾರವನ್ನು ಎಚ್ಚರಿಸುವ ಕಾರ್ಯಕ್ಕೆ ಕೊಂಡೊಯ್ದಿತು. ಬೆಂಗಳೂರಿನ ಲಾಲ್‌ಬಾಗ್ ಸಸ್ಯತೋಟದ ಪುನರುಜ್ಜೀವನ, ಕುಮರಿ ಬೇಸಾಯದ ನಿಷೇಧ, ರೈಲುಮಾರ್ಗಗಳ ಮರದ ಬೇಡಿಕೆಯ ನಿಯಂತ್ರಣ ಹಾಗೂ ಪಂಜಾಬ್–ಹಿಮಾಲಯದ ದೇವದಾರು ಅರಣ್ಯಗಳ ಸಮೀಕ್ಷೆಗಳೊಂದಿಗೆ ಈತನ ಹೆಸರು ಬೆಸೆದುಕೊಂಡಿದೆ. ಈತನ ಕಾಲದಲ್ಲಿ ಗುರುತಿಸಲಾದ ಅನೇಕ ಅರಣ್ಯ ಪ್ರದೇಶಗಳಲ್ಲಿ ಇಂದು ಅಳಿವಿನಂಚಿನ ವನ್ಯಜೀವಿಗಳಿಗಾಗಿ ಮಳೆಕಾಡುಗಳ ಮರುಸ್ಥಾಪನೆ ಮತ್ತು ಆವಾಸ ಕಾರಿಡಾರುಗಳ ಜೋಡಣೆಯ ಕೆಲಸ ನಡೆಯುತ್ತಿದೆ.

ಬಾಲ್ಯ ಮತ್ತು ಶಿಕ್ಷಣ

ಕ್ಲೆಗ್‌ಹಾರ್ನ್ ಮದರಾಸಿನಲ್ಲಿ ಜನಿಸಿದನು. ತಂದೆ ಪ್ಯಾಟ್ರಿಕ್ ಕ್ಲೆಗ್‌ಹಾರ್ನ್ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಯಾಗಿದ್ದನು. ಆ ಕಾಲದ ಆಂಗ್ಲ ಕುಟುಂಬಗಳ ರೂಢಿಯಂತೆ ಬಾಲಕನನ್ನು ೧೮೨೪ರಲ್ಲಿ ಸ್ವದೇಶಕ್ಕೆ ಕಳುಹಿಸಲಾಯಿತು. ಸ್ಕಾಟ್‌ಲೆಂಡಿನ ಫೈಫ್ ಪ್ರಾಂತ್ಯದಲ್ಲಿದ್ದ ಸ್ಟ್ರಾವಿಥಿ ಎಂಬ ಎಸ್ಟೇಟಿನಲ್ಲಿ ಅಜ್ಜನ ಆಶ್ರಯದಲ್ಲಿ ಅವನು ಬೆಳೆದನು. ಇದೇ ಹೆಸರಿನ ಆ ಅಜ್ಜ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕನಾಗಿದ್ದು, ಸಿಂಹಳವು ಡಚ್ಚರಿಂದ ಬ್ರಿಟಿಷರ ಕೈಸೇರುವಲ್ಲಿ ಮುಖ್ಯ ಪಾತ್ರ ವಹಿಸಿದ್ದನು. ಎಸ್ಟೇಟಿನ ಮರಗಿಡಗಳ ಆರೈಕೆಯನ್ನು ಅಜ್ಜನ ಬಳಿ ಕಂಡು ಕಲಿತದ್ದು ಮೊಮ್ಮಗನ ಮುಂದಿನ ಬದುಕಿಗೆ ತಳಹದಿಯಾಯಿತು.

ಎಡಿನ್‌ಬರೋದ ರಾಯಲ್ ಹೈಸ್ಕೂಲ್ ಮತ್ತು ಸೇಂಟ್ ಆಂಡ್ರೂಸ್‌ನಲ್ಲಿ ಓದಿದ ಬಳಿಕ ಅವನು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿದನು. ಪ್ರಸಿದ್ಧ ಶಸ್ತ್ರವೈದ್ಯ ಜೇಮ್ಸ್ ಸೈಮ್‌ನ ಕೈಕೆಳಗೆ ತರಬೇತಿ ಪಡೆದನು. ಔಷಧಗಳಲ್ಲಿ ಬಹುಪಾಲು ಸಸ್ಯಮೂಲದವೇ ಆಗಿದ್ದ ಆ ದಿನಗಳಲ್ಲಿ ವೈದ್ಯನಾಗುವವನು ಸಸ್ಯಶಾಸ್ತ್ರವನ್ನೂ ಕಲಿಯಲೇಬೇಕಾಗಿತ್ತು. ಈ ವಿಷಯವನ್ನು ಅವನು ರಾಬರ್ಟ್ ಗ್ರಹಾಂ ಎಂಬ ಪ್ರಾಧ್ಯಾಪಕನಲ್ಲಿ ಕಲಿತನು. ೧೮೪೧ರಲ್ಲಿ ವೈದ್ಯ ಪದವಿ ಪಡೆದು, ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯನಾಗಿ ಮದರಾಸಿಗೆ ಮರಳಿದನು.

ಶಿವಮೊಗ್ಗದ ವರ್ಷಗಳು

ಮದರಾಸಿನ ಆಸ್ಪತ್ರೆಯಲ್ಲಿ ಕೆಲಕಾಲ ಸೇವೆ ಸಲ್ಲಿಸಿದ ನಂತರ ಕ್ಲೆಗ್‌ಹಾರ್ನ್‌ನನ್ನು ಮೈಸೂರು ಕಮಿಷನ್ನಿಗೆ ನಿಯೋಜಿಸಲಾಯಿತು. ೧೮೩೧ರಿಂದ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಆಗ ಮಾರ್ಕ್ ಕಬ್ಬನ್ ಕಮಿಷನರನಾಗಿದ್ದನು. ನಗರ ವಿಭಾಗದ ಕೇಂದ್ರವಾದ ಶಿವಮೊಗ್ಗದಲ್ಲಿ ಕ್ಲೆಗ್‌ಹಾರ್ನ್ ೧೮೪೦ರ ದಶಕದ ಮಧ್ಯಭಾಗವನ್ನು ಕಳೆದನು.

ಶಿವಮೊಗ್ಗವು ಎರಡು ಬಗೆಯ ಕಾಡುಗಳ ಗಡಿಯಲ್ಲಿದೆ. ಪೂರ್ವಕ್ಕೆ ತೇಗ, ಹೊನ್ನೆ, ಮತ್ತಿಗಳ ಎಲೆಯುದುರುವ ಕಾಡು. ಪಶ್ಚಿಮಕ್ಕೆ ನಗರ, ಆಗುಂಬೆ, ಶರಾವತಿ ಕೊಳ್ಳಗಳ ನಿತ್ಯಹರಿದ್ವರ್ಣದ ಮಲೆನಾಡು. ದಿನಕ್ಕೊಂದು ಸಸ್ಯವನ್ನು ಕಾಲು ಗಂಟೆಯಾದರೂ ಪರಿಶೀಲಿಸಬೇಕೆಂದು ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್ ನೀಡಿದ್ದ ಸಲಹೆಯನ್ನು ಅವನು ಇಲ್ಲಿ ನಿಷ್ಠೆಯಿಂದ ಪಾಲಿಸಿದನು. ಪ್ರತಿದಿನ ಹೊಸದೊಂದು ಗಿಡವನ್ನು ತರಿಸಿ ಭಾರತೀಯ ಕಲಾವಿದನೊಬ್ಬನಿಂದ ಅದರ ವರ್ಣಚಿತ್ರವನ್ನು ಬರೆಸುತ್ತಿದ್ದನು. ಹೀಗೆ ಸಿದ್ಧವಾದ ಶಿವಮೊಗ್ಗದ ಚಿತ್ರಗಳು ಇಂದು ಎಡಿನ್‌ಬರೋದ ರಾಯಲ್ ಬಟಾನಿಕ್ ಗಾರ್ಡನ್‌ನಲ್ಲಿ ಸಂರಕ್ಷಿತವಾಗಿವೆ. ಮಲೆನಾಡಿನ ಅಂಚಿನ ಸಸ್ಯಸಂಪತ್ತಿನ ಬಗ್ಗೆ ದೊರೆಯುವ ಅತ್ಯಂತ ಹಳೆಯ ಚಿತ್ರದಾಖಲೆಗಳಲ್ಲಿ ಇವೂ ಸೇರಿವೆ.

ಜಿಲ್ಲಾ ಸಂಚಾರದ ವೇಳೆ ತೇಗದ ಮರಗಳನ್ನು ಮಿತಿಯಿಲ್ಲದೆ ಕಡಿಯುವುದನ್ನೂ, ಕಡಿದ ಮರದ ಹೆಚ್ಚಿನ ಭಾಗವು ವ್ಯರ್ಥವಾಗಿ ಕೊಳೆಯುವುದನ್ನೂ, ಗುಡ್ಡದ ಕಾಡು ಸುಟ್ಟು ರಾಗಿ ಬಿತ್ತುವ ಕುಮರಿ ಬೇಸಾಯವನ್ನೂ ಅವನು ಗಮನಿಸಿದನು. ಮಲೆನಾಡಿನ ಜ್ವರವು ಅವನನ್ನೂ ಬಿಡಲಿಲ್ಲ. ಆರೋಗ್ಯ ಕೆಟ್ಟು ೧೮೪೮ರಲ್ಲಿ ರಜೆಯ ಮೇಲೆ ಬ್ರಿಟನ್ನಿಗೆ ತೆರಳಿದನು.

೧೮೫೧ರ ಅರಣ್ಯನಾಶ ವರದಿ

ಈ ರಜೆಯ ಅವಧಿಯೇ ಅವನ ಜೀವನದ ತಿರುವಾಯಿತು. ೧೮೫೦ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನ ಪ್ರಗತಿ ಸಂಘವು ಉಷ್ಣವಲಯದ ಅರಣ್ಯನಾಶದ ಪರಿಣಾಮಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಫೋರ್ಬ್ಸ್ ರಾಯ್ಲ್, ಬೇರ್ಡ್ ಸ್ಮಿತ್ ಮತ್ತು ರಿಚರ್ಡ್ ಸ್ಟ್ರೇಚಿ ಇತರ ಸದಸ್ಯರಾಗಿದ್ದ ಈ ಸಮಿತಿಯ ವರದಿಯನ್ನು ಕ್ಲೆಗ್‌ಹಾರ್ನ್ ೧೮೫೧ರಲ್ಲಿ ಇಪ್ಸ್‌ವಿಚ್ ಅಧಿವೇಶನದಲ್ಲಿ ಮಂಡಿಸಿದನು.

ಭಾರತದ ಬೇರೆ ಬೇರೆ ಭಾಗಗಳಲ್ಲಿದ್ದ ಅಧಿಕಾರಿಗಳ ಅನುಭವಗಳನ್ನು ಒಟ್ಟುಗೂಡಿಸಿದ ಈ ವರದಿಯು ಕಾಡಿನ ಪ್ರಶ್ನೆಯನ್ನು ಎರಡು ದಿಕ್ಕಿನಿಂದ ನೋಡಿತು. ಮೊದಲನೆಯದು ಆರ್ಥಿಕ: ಹಡಗುಕಟ್ಟೆ, ಸೇತುವೆ, ಕಟ್ಟಡಗಳಿಗೆ ಬೇಕಾದ ಮರ ಮುಂದಿನ ಪೀಳಿಗೆಗೆ ಉಳಿಯುವುದೇ ಎಂಬುದು. ಎರಡನೆಯದು ಪ್ರಾಕೃತಿಕ: ಗುಡ್ಡದ ನೆತ್ತಿಯ ಮರಗಳು ಹೋದರೆ ಮಣ್ಣು, ತೊರೆ, ತೇವಾಂಶಗಳ ಗತಿ ಏನಾಗುವುದು ಎಂಬುದು. ಕಾಡನ್ನು ಕೇವಲ ಮರದ ದಾಸ್ತಾನೆಂದು ತಿಳಿಯದೆ ನೀರು ಮತ್ತು ಹವೆಯ ಜೊತೆಗೆ ಹೊಂದಿಸಿ ನೋಡಿದ ಆರಂಭದ ಅಧಿಕೃತ ದಾಖಲೆಗಳಲ್ಲಿ ಇದೂ ಒಂದು. ಪರಿಸರ ಇತಿಹಾಸಕಾರ ರಿಚರ್ಡ್ ಗ್ರೋವ್ ತನ್ನ ಗ್ರೀನ್ ಇಂಪೀರಿಯಲಿಸಂ (೧೯೯೫) ಗ್ರಂಥದಲ್ಲಿ ಕಂಪನಿಯ ವೈದ್ಯರು ಪರಿಸರ ಚಿಂತನೆಗೆ ನೀಡಿದ ಕೊಡುಗೆಯನ್ನು ಚರ್ಚಿಸುವಾಗ ಈ ವರದಿಗೆ ಮಹತ್ವದ ಸ್ಥಾನ ನೀಡಿದ್ದಾನೆ.

ಮದರಾಸಿನಲ್ಲಿ ಸೇವೆ

ಭಾರತಕ್ಕೆ ಹಿಂದಿರುಗಿದ ಕ್ಲೆಗ್‌ಹಾರ್ನ್ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಔಷಧ ದ್ರವ್ಯಶಾಸ್ತ್ರದ ಪ್ರಾಧ್ಯಾಪಕನಾದನು. ಮದರಾಸಿನ ಕೃಷಿ–ತೋಟಗಾರಿಕಾ ಸಂಘದ ಗೌರವ ಕಾರ್ಯದರ್ಶಿಯಾಗಿ ಅದರ ತೋಟವನ್ನು ಸುಧಾರಿಸಿ, ಅಲ್ಲಿಯ ಸಸ್ಯಗಳ ಪಟ್ಟಿಯನ್ನು ೧೮೫೩ರಲ್ಲಿ ಪ್ರಕಟಿಸಿದನು. ಬೇಲಿಗೆ ಯೋಗ್ಯವಾದ ಗಿಡಗಳು, ಕಡಲತೀರದ ಮರಳನ್ನು ಹಿಡಿದಿಡುವ ಸಸ್ಯಗಳು ಮುಂತಾದ ನಿತ್ಯೋಪಯೋಗಿ ವಿಷಯಗಳ ಮೇಲೆ ಲೇಖನಗಳನ್ನು ಬರೆದನು. ಪ್ರಸಿದ್ಧ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್‌ಗಾಗಿ ಚಿತ್ರಗಳನ್ನು ರಚಿಸುತ್ತಿದ್ದ ಗೋವಿಂದು ಎಂಬ ದಕ್ಷಿಣ ಭಾರತದ ಕಲಾವಿದನು ಕ್ಲೆಗ್‌ಹಾರ್ನ್‌ಗಾಗಿಯೂ ಅನೇಕ ಸಸ್ಯಚಿತ್ರಗಳನ್ನು ಬರೆದನು.

ಲಾಲ್‌ಬಾಗ್

ಹೈದರ್ ಅಲಿಯು ಆರಂಭಿಸಿ ಟಿಪ್ಪು ಸುಲ್ತಾನನು ಬೆಳೆಸಿದ ಬೆಂಗಳೂರಿನ ಲಾಲ್‌ಬಾಗ್ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಹಲವರ ಕೈಬದಲಾಗಿ ಸೊರಗಿತ್ತು. ೧೮೫೬ರಲ್ಲಿ ಅದನ್ನು ಸರ್ಕಾರಿ ಸಸ್ಯತೋಟವನ್ನಾಗಿ ಮರುಸ್ಥಾಪಿಸಿದಾಗ ಕ್ಲೆಗ್‌ಹಾರ್ನ್ ಮೈಸೂರು ಕಮಿಷನರನಿಗೆ ಸಸ್ಯಶಾಸ್ತ್ರೀಯ ಸಲಹೆಗಾರನಾಗಿದ್ದನು. ತೋಟವನ್ನು ಬಲ್ಲ ವೃತ್ತಿಪರನೊಬ್ಬನ ಕೈಗೆ ಅದನ್ನು ಒಪ್ಪಿಸಬೇಕೆಂಬ ಚಿಂತನೆಯ ಫಲವಾಗಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದ ವಿಲಿಯಂ ನ್ಯೂ ೧೮೫೮ರಲ್ಲಿ ಬೆಂಗಳೂರಿಗೆ ಬಂದನು. ಲಾಲ್‌ಬಾಗ್ ವೈಜ್ಞಾನಿಕ ಸಂಸ್ಥೆಯಾಗಿ ಬೆಳೆದದ್ದು ಅಲ್ಲಿಂದ ಮುಂದೆ.

ಮೊದಲ ಅರಣ್ಯ ಸಂರಕ್ಷಣಾಧಿಕಾರಿ

ಮದರಾಸಿನ ಗವರ್ನರ್ ಲಾರ್ಡ್ ಹ್ಯಾರಿಸ್ ಅರಣ್ಯ ಇಲಾಖೆಯೊಂದನ್ನು ಸ್ಥಾಪಿಸಲು ಬಯಸಿ, ೧೮೫೬ರ ಡಿಸೆಂಬರಿನಲ್ಲಿ ಕ್ಲೆಗ್‌ಹಾರ್ನ್‌ನನ್ನು ಸಂರಕ್ಷಣಾಧಿಕಾರಿಯನ್ನಾಗಿ ನೇಮಿಸಿದನು. ಆಗ ಮದರಾಸು ಪ್ರಾಂತ್ಯವು ಗಂಜಾಂನಿಂದ ತಿರುನೆಲ್ವೇಲಿಯವರೆಗೂ, ಪಶ್ಚಿಮದಲ್ಲಿ ಇಂದಿನ ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳನ್ನು ಒಳಗೊಂಡ ಕೆನರಾದವರೆಗೂ ಹರಡಿತ್ತು. ಬೆರಳೆಣಿಕೆಯ ಸಹಾಯಕರೊಂದಿಗೆ ಅವನು ಈ ವಿಸ್ತಾರವನ್ನು ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಸುತ್ತಿದನು. ಮುಂದೆ ಸಸ್ಯಶಾಸ್ತ್ರದಲ್ಲೂ ಸರೀಸೃಪ ಅಧ್ಯಯನದಲ್ಲೂ ಹೆಸರಾದ ರಿಚರ್ಡ್ ಹೆನ್ರಿ ಬೆಡೋಮ್ ಆ ಸಹಾಯಕರಲ್ಲಿ ಒಬ್ಬನು.

೧೮೫೮ರಲ್ಲಿ ಬೆಡೋಮ್, ಡಗ್ಲಸ್ ಹ್ಯಾಮಿಲ್ಟನ್ ಮೊದಲಾದವರೊಂದಿಗೆ ಕ್ಲೆಗ್‌ಹಾರ್ನ್ ಆನೆಮಲೆಯ ಎತ್ತರದ ಶ್ರೇಣಿಗಳಿಗೆ ಪ್ರವಾಸ ಕೈಗೊಂಡನು. ಕೆಳಗಿನ ತೇಗದ ಕಾಡುಗಳಲ್ಲಿ ಅದಾಗಲೇ ಕಡಿತ ನಡೆದಿತ್ತು. ಮೇಲಿನ ದಟ್ಟ ಮಳೆಕಾಡು ಮತ್ತು ಹುಲ್ಲುಗಾವಲುಗಳು ಮಾತ್ರ ಹೆಚ್ಚುಕಡಿಮೆ ಅಖಂಡವಾಗಿದ್ದವು. ಈ ಪ್ರವಾಸದ ವರದಿಯು ಎಡಿನ್‌ಬರೋದ ರಾಯಲ್ ಸೊಸೈಟಿಯ ಸಂಪುಟದಲ್ಲಿ ೧೮೬೧ರಲ್ಲಿ ಪ್ರಕಟವಾಯಿತು. ಅದೇ ೧೮೫೮ರಲ್ಲಿ ಪಶ್ಚಿಮ ಕರಾವಳಿಯ ಕಾಡುಗಳ ಪಾಚೊಂಟಿ ಎಂಬ ಹಾಲುಮರದ ಕುರಿತು ಅವನು ಟಿಪ್ಪಣಿಯೊಂದನ್ನು ಸಿದ್ಧಪಡಿಸಿದನು. ತಂತಿ ಕೇಬಲ್ಲುಗಳಿಗೆ ಬೇಕಾಗಿದ್ದ ಗಟ್ಟಾಪರ್ಚಕ್ಕೆ ಈ ಮರದ ಹಾಲು ಬದಲಿಯಾಗಬಲ್ಲುದೇ ಎಂಬುದು ಆಗಿನ ಕುತೂಹಲ. ಪಲಾಕ್ವಿಯಮ್ ಎಲಿಪ್ಟಿಕಮ್ ಎಂದು ಇಂದು ಕರೆಯಲಾಗುವ ಈ ಮರವು ಪಶ್ಚಿಮ ಘಟ್ಟದ ಮಳೆಕಾಡಿನ ಪ್ರಧಾನ ವೃಕ್ಷಗಳಲ್ಲಿ ಒಂದು.

ರೈಲುಮಾರ್ಗ ಮತ್ತು ಮರದ ಬೇಡಿಕೆ

ಮದರಾಸು ಪ್ರಾಂತ್ಯದ ಮೊದಲ ರೈಲು ಓಡಿದ್ದು ೧೮೫೬ರಲ್ಲಿ. ಅರಣ್ಯ ಇಲಾಖೆ ಹುಟ್ಟಿದ್ದೂ ಅದೇ ವರ್ಷ. ಒಂದು ಮೈಲಿ ಹಳಿಗೆ ಎರಡು ಸಾವಿರದ ಆಸುಪಾಸಿನಷ್ಟು ಮರದ ದಿಮ್ಮಿಗಳು ಬೇಕಾಗುತ್ತಿದ್ದವು. ಮಳೆ, ಬಿಸಿಲು, ಗೆದ್ದಲುಗಳಿಗೆ ಸಿಕ್ಕ ದಿಮ್ಮಿಗಳನ್ನು ಕೆಲವೇ ವರ್ಷಗಳಲ್ಲಿ ಬದಲಿಸಬೇಕಾಗುತ್ತಿತ್ತು. ಎಂಜಿನ್ನಿನ ಉರುವಲಿಗೂ ಸೌದೆಯೇ ಆಧಾರ. ಗುತ್ತಿಗೆದಾರರ ಕೊಡಲಿಗೆ ಉತ್ತರ ಆರ್ಕಾಟಿನ ಬೆಟ್ಟಗಳು ಬಹುಮಟ್ಟಿಗೆ ಬೋಳಾದುದನ್ನು ಕ್ಲೆಗ್‌ಹಾರ್ನ್ ದಾಖಲಿಸಿದನು. ಕಡಿಯುವ ಮರಗಳ ಗಾತ್ರ ಮತ್ತು ಜಾತಿಗಳನ್ನು ನಿಗದಿಪಡಿಸುವುದು, ಪರವಾನಗಿಯಿಲ್ಲದ ಕಡಿತವನ್ನು ತಡೆಯುವುದು, ಹಳಿಗಳ ಬದಿಯಲ್ಲಿ ಸೌದೆ ನೆಡುತೋಪುಗಳನ್ನು ಬೆಳೆಸುವುದು ಅವನು ಮುಂದಿಟ್ಟ ಪರಿಹಾರಗಳಾಗಿದ್ದವು.

ಉತ್ತರ ಆರ್ಕಾಟಿಗೆ ತಾಗಿದ ಕೋಲಾರ ಸೀಮೆಯೂ ಈ ಬೇಡಿಕೆಯಿಂದ ಹೊರಗುಳಿಯಲಿಲ್ಲ. ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡು ಪ್ರದೇಶದವರೆಗಿನ ಮಾರ್ಗವು ೧೮೬೪ರಲ್ಲಿ ಆರಂಭವಾಯಿತು. ಈ ಮಾರ್ಗದ ಮೇಲಿನ ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಎಲ್. ಬಿ. ಬೌರಿಂಗ್‌ನಿಂದ ಬಂದುದು. ಅವನ ಆಡಳಿತದಲ್ಲಿಯೇ, ಅದೇ ೧೮೬೪ರಲ್ಲಿ, ಮೈಸೂರು ಸಂಸ್ಥಾನಕ್ಕೆ ಪ್ರತ್ಯೇಕ ಅರಣ್ಯ ಇಲಾಖೆ ಬಂದಿತು. ೧೮೮೦ರ ದಶಕದಿಂದ ಬೆಳೆದ ಕೋಲಾರ ಚಿನ್ನದ ಗಣಿಗಳಿಗೆ ಸುರಂಗದ ಆಸರೆಗಂಬಗಳಿಗೂ ಉಗಿಯಂತ್ರಗಳಿಗೂ ಮರ ಬೇಕಾಗಿತ್ತು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ಶಾಖಾಮಾರ್ಗವು ೧೮೯೪ರಲ್ಲಿ ಸಿದ್ಧವಾಯಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲುಪಿದ ಮೇಲೆ ಉಗಿಯಂತ್ರಗಳ ಅವಲಂಬನೆ ಇಳಿಯಿತು. ಕ್ಲೆಗ್‌ಹಾರ್ನ್ ನೇರವಾಗಿ ಗಣಿಗಳೊಂದಿಗೆ ಸಂಬಂಧ ಹೊಂದಿದ್ದವನಲ್ಲ. ಆದರೆ ರೈಲು ಹಾಗೂ ಉದ್ದಿಮೆಗಳ ಬೇಡಿಕೆಯನ್ನು ಕುರಿತು ಅವನು ಎತ್ತಿದ್ದ ಪ್ರಶ್ನೆ ಈ ಒಣಸೀಮೆಯಲ್ಲಿಯೂ ಪ್ರಸ್ತುತವಾಗಿತ್ತು.

ಕುಮರಿ ನಿಷೇಧ ಮತ್ತು ವಿವಾದ

ಕ್ಲೆಗ್‌ಹಾರ್ನ್‌ನ ಆಡಳಿತದಲ್ಲಿ ಅತ್ಯಂತ ದೂರಗಾಮಿಯೂ ವಿವಾದಾಸ್ಪದವೂ ಆದ ಕ್ರಮವೆಂದರೆ ಕುಮರಿಯ ಮೇಲಿನ ನಿರ್ಬಂಧ. ಗುಡ್ಡದ ಕಾಡನ್ನು ಬೇಸಗೆಯಲ್ಲಿ ಕಡಿದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ರಾಗಿ ಇಲ್ಲವೆ ಭತ್ತ ಬಿತ್ತಿ, ಒಂದೆರಡು ಬೆಳೆಯ ನಂತರ ಬೇರೆಡೆಗೆ ಸಾಗುವ ಈ ಪದ್ಧತಿ ಕೆನರಾದ ಕುಡುಬಿ, ಮರಾಟಿ ಮೊದಲಾದ ಸಮುದಾಯಗಳ ಜೀವನಾಧಾರವಾಗಿತ್ತು. ದೀರ್ಘ ಅಂತರದಲ್ಲಿ ಮಾಡಿದಾಗ ಕಾಡು ಮತ್ತೆ ಚಿಗುರಲು ಅವಕಾಶವಿತ್ತು. ಅಂತರ ಕಡಿಮೆಯಾದೆಡೆ ಮುಳ್ಳುಪೊದೆ ಮಾತ್ರ ಉಳಿಯುತ್ತಿತ್ತು.

ಬೆಲೆಬಾಳುವ ಮರಗಳ ನಷ್ಟ, ತೊರೆಗಳ ಮೇಲಿನ ದುಷ್ಪರಿಣಾಮ, ಅಲ್ಪ ಕಂದಾಯ ಹೀಗೆ ಹಲವು ಕಾರಣಗಳನ್ನು ಮುಂದಿಟ್ಟು ಕ್ಲೆಗ್‌ಹಾರ್ನ್ ಕುಮರಿಯನ್ನು ವಿರೋಧಿಸಿದನು. ೧೮೬೦ರಲ್ಲಿ ಮದರಾಸು ಸರ್ಕಾರವು ಪೂರ್ವಾನುಮತಿಯಿಲ್ಲದೆ ಸರ್ಕಾರಿ ಕಾಡುಗಳಲ್ಲಿ ಕುಮರಿ ಮಾಡುವುದನ್ನು ನಿಷೇಧಿಸಿತು. ಅನುಮತಿಯನ್ನು ವಿರಳವಾಗಿ ನೀಡಬೇಕು, ನಾಟಾ ಮರಗಳ ಕಾಡಿನಲ್ಲಂತೂ ಕೊಡಲೇಬಾರದು ಎಂಬುದು ಆದೇಶದ ಸಾರ. ೧೮೬೨ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಬಳಿಕವೂ ಅಲ್ಲಿ ಕುಮರಿಯ ಮೇಲಿನ ಹಿಡಿತ ಮುಂದುವರಿಯಿತು.

ಈ ಕ್ರಮದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಘಟ್ಟದ ಇಳಿಜಾರಿನ ಕಾಡುಗಳು ಉಳಿಯಲು ಅದು ನೆರವಾಯಿತೆಂಬುದು ಒಂದು ದೃಷ್ಟಿ. ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಅವರು ದಿಸ್ ಫಿಶರ್ಡ್ ಲ್ಯಾಂಡ್ (೧೯೯೨) ಗ್ರಂಥದಲ್ಲಿ ವಸಾಹತುಶಾಹಿ ಅರಣ್ಯನೀತಿಯು ಕಾಡಿನ ಮೇಲಿದ್ದ ಜನರ ಸಾಂಪ್ರದಾಯಿಕ ಹಕ್ಕುಗಳನ್ನು ಕಸಿದು ನಾಟಾ ಮತ್ತು ಕಂದಾಯದ ಹಿತಕ್ಕೆ ಆದ್ಯತೆ ನೀಡಿತೆಂದು ವಿಮರ್ಶಿಸಿದ್ದಾರೆ. ಅದೇ ಅವಧಿಯಲ್ಲಿ ಕಾಫಿ ತೋಟಗಳಿಗಾಗಿ ಮಲೆನಾಡು, ಕೊಡಗು, ವಯನಾಡುಗಳಲ್ಲಿ ವಿಶಾಲವಾದ ಕಾಡುಗಳು ಕಡಿಯಲ್ಪಡುತ್ತಿದ್ದವು. ಬಡ ಕುಮರಿಗಾರನ ಮೇಲೆ ಬಿದ್ದಷ್ಟು ಬಿಗಿಯಾದ ಕಟ್ಟಳೆ ತೋಟದ ಮಾಲಿಕರ ಮೇಲೆ ಬೀಳಲಿಲ್ಲ.

ನೆಡುತೋಪುಗಳ ವಿಷಯದಲ್ಲಿಯೂ ಇಂತಹದೇ ಮರುಚಿಂತನೆ ನಡೆದಿದೆ. ಮಲಬಾರಿನ ನಿಲಂಬೂರಿನಲ್ಲಿ ೧೮೪೦ರ ದಶಕದಲ್ಲಿ ಕಲೆಕ್ಟರ್ ಕನೋಲಿ ಹಾಗೂ ಚಾತು ಮೆನನ್ ಆರಂಭಿಸಿದ್ದ ತೇಗದ ತೋಪುಗಳನ್ನು ಕ್ಲೆಗ್‌ಹಾರ್ನ್ ಮಾದರಿಯಾಗಿ ಕಂಡನು. ನೀಲಗಿರಿಯಲ್ಲಿ ಸೌದೆಗಾಗಿ ಆಸ್ಟ್ರೇಲಿಯದ ಅಕೇಶಿಯ, ನೀಲಗಿರಿ ಮರಗಳ ನೆಡುವಿಕೆಗೆ ಪ್ರೋತ್ಸಾಹವಿತ್ತನು. ಶೋಲಾ ಕಾಡುಗಳ ಮೇಲಿನ ಒತ್ತಡವನ್ನು ತಗ್ಗಿಸುವುದು ಆಗಿನ ಉದ್ದೇಶ. ಆದರೆ ಈ ವಿದೇಶಿ ಮರಗಳು ಮುಂದೆ ಹುಲ್ಲುಗಾವಲುಗಳನ್ನು ಆಕ್ರಮಿಸಿದವು. ಅವುಗಳನ್ನು ತೆಗೆದು ಶೋಲಾ–ಹುಲ್ಲುಗಾವಲನ್ನು ಮರಳಿ ತರುವುದು ಇಂದಿನ ಸಂರಕ್ಷಕರ ಕೆಲಸವಾಗಿದೆ.

ಪಂಜಾಬ್ ಮತ್ತು ಅಖಿಲ ಭಾರತ ಸೇವೆ

೧೮೬೦ರಲ್ಲಿ ರಜೆಯ ಮೇಲೆ ಹೋದ ಕ್ಲೆಗ್‌ಹಾರ್ನ್ ಮರುವರ್ಷ ಮಾರ್ಜೊರಿ ಇಸಾಬೆಲ್ಲಾ ಕವನ್ ಎಂಬಾಕೆಯನ್ನು ವಿವಾಹವಾದನು. ಭಾರತಕ್ಕೆ ಮರಳಿದ ಮೇಲೆ ಗವರ್ನರ್ ಜನರಲ್ ಕ್ಯಾನಿಂಗ್‌ನ ಅಪೇಕ್ಷೆಯಂತೆ ಪಂಜಾಬ್ ಹಾಗೂ ಪಶ್ಚಿಮ ಹಿಮಾಲಯದ ಕಾಡುಗಳನ್ನು ಸಮೀಕ್ಷಿಸಿದನು. ನದಿಕಣಿವೆಗಳ ದೇವದಾರು ಕಾಡುಗಳನ್ನು ಕುರಿತ ಅವನ ವರದಿ ೧೮೬೪ರಲ್ಲಿ ಪ್ರಕಟವಾಯಿತು. ಅದೇ ವರ್ಷ ಜರ್ಮನ್ ಮೂಲದ ಡೀಟ್ರಿಶ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದಾಗ ಕ್ಲೆಗ್‌ಹಾರ್ನ್ ಅವನೊಂದಿಗೆ ಇಲಾಖೆಯ ಸಂಘಟನೆಯಲ್ಲಿ ಕೈಜೋಡಿಸಿದನು. ಬ್ರಾಂಡಿಸ್ ರಜೆಯಲ್ಲಿದ್ದಾಗ ಹಂಗಾಮಿಯಾಗಿ ಆ ಹುದ್ದೆಯನ್ನೂ ನಿರ್ವಹಿಸಿದನು.

ಕೊನೆಯ ವರ್ಷಗಳು

೧೮೬೦ರ ದಶಕದ ಕೊನೆಯಲ್ಲಿ ಭಾರತವನ್ನು ಬಿಟ್ಟು ಸ್ಟ್ರಾವಿಥಿಗೆ ಮರಳಿದ ಕ್ಲೆಗ್‌ಹಾರ್ನ್ ಎಡಿನ್‌ಬರೋ ಸಸ್ಯಶಾಸ್ತ್ರ ಸಂಘ ಹಾಗೂ ಸ್ಕಾಟ್‌ಲೆಂಡಿನ ವೃಕ್ಷಕೃಷಿ ಸಂಘಗಳ ಅಧ್ಯಕ್ಷನಾದನು. ಭಾರತದ ಅರಣ್ಯಸೇವೆಗೆ ಸೇರುವ ಅಭ್ಯರ್ಥಿಗಳ ಆಯ್ಕೆಯಲ್ಲಿ ಇಂಡಿಯಾ ಆಫೀಸಿಗೆ ನೆರವಾದನು. ಎನ್‌ಸೈಕ್ಲೋಪೀಡಿಯ ಬ್ರಿಟಾನಿಕದ ಒಂಬತ್ತನೆಯ ಆವೃತ್ತಿಗೆ ಅರಣ್ಯ ವಿಷಯದ ಲೇಖನಗಳನ್ನು ಬರೆದನು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರದ ಬೋಧನೆ ೧೮೮೯ರಲ್ಲಿ ಆರಂಭವಾಗುವುದಕ್ಕೆ ಶ್ರಮಿಸಿದವರಲ್ಲಿ ಅವನೂ ಪ್ರಮುಖನು. ೧೮೯೫ರ ಮೇ ೧೬ರಂದು ಸ್ಟ್ರಾವಿಥಿಯಲ್ಲಿ ನಿಧನನಾದನು. ರಾಬರ್ಟ್ ವೈಟ್ ಸಸ್ಯಕುಲವೊಂದಕ್ಕೆ ಕ್ಲೆಗ್‌ಹಾರ್ನಿಯ ಎಂದು ಹೆಸರಿಟ್ಟು ಅವನನ್ನು ಗೌರವಿಸಿದ್ದನು.

ಇಂದಿನ ಮಳೆಕಾಡು ಮರುಸ್ಥಾಪನೆ

ಕ್ಲೆಗ್‌ಹಾರ್ನ್‌ನ ಕಾಲದಲ್ಲಿ ಸಂರಕ್ಷಣೆಯೆಂದರೆ ಮುಖ್ಯವಾಗಿ ಮರ ಮತ್ತು ನೀರಿನ ಸಂರಕ್ಷಣೆ. ವನ್ಯಪ್ರಾಣಿಗಳ ಆವಾಸದ ಚಿಂತನೆ ಅದರಲ್ಲಿ ಸೇರಿರಲಿಲ್ಲ. ಅವನು ೧೮೫೮ರಲ್ಲಿ ಸಂಚರಿಸಿದ ಆನೆಮಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಚಹಾ, ಕಾಫಿ ತೋಟಗಳು ಹಬ್ಬಿದವು. ವಾಲ್ಪಾರೈ ಪ್ರಸ್ಥಭೂಮಿಯ ಮಳೆಕಾಡು ತೋಟಗಳ ನಡುವಿನ ತುಣುಕುಗಳಾಗಿ ಒಡೆಯಿತು. ಮರದಿಂದ ಮರಕ್ಕೆ ಜಿಗಿದು ಬದುಕುವ ಸಿಂಗಳೀಕಕ್ಕೆ ನೆತ್ತಿಯ ಕೊಂಬೆಗಳ ಸಾಲು ತುಂಡಾಯಿತು. ಆನೆಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಲು ತೋಟ ಮತ್ತು ವಸತಿಗಳ ನಡುವೆಯೇ ಹಾಯಬೇಕಾಯಿತು.

ಮೈಸೂರಿನಲ್ಲಿ ಕೇಂದ್ರವನ್ನು ಹೊಂದಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ದಿವ್ಯಾ ಮುದ್ದಪ್ಪ ಮತ್ತು ಟಿ. ಆರ್. ಶಂಕರ್ ರಾಮನ್ ೨೦೦೦ದ ದಶಕದ ಆರಂಭದಿಂದ ತೋಟದ ಕಂಪನಿಗಳ ಸಹಕಾರದಲ್ಲಿ ಈ ತುಣುಕುಗಳನ್ನು ಮರುಸ್ಥಾಪಿಸುತ್ತ ಬಂದಿದ್ದಾರೆ. ಲಂಟಾನದಂತಹ ಕಳೆಗಳನ್ನು ಕಿತ್ತು, ನೂರಕ್ಕೂ ಹೆಚ್ಚು ಸ್ಥಳೀಯ ಜಾತಿಗಳ ಸಸಿಗಳನ್ನು ನರ್ಸರಿಯಲ್ಲಿ ಬೆಳೆಸಿ ಬೆರೆಸಿ ನೆಡುವುದು ಅವರ ಕ್ರಮ. ಸಾಲಾಗಿ ಒಂದೇ ಜಾತಿಯನ್ನು ನೆಡುವ ಹಳೆಯ ನೆಡುತೋಪಿನ ರೀತಿಗೆ ಇದು ತದ್ವಿರುದ್ಧ. ಕಾಡು ಹಣ್ಣು ಬಿಡತೊಡಗಿದ ಮೇಲೆ ಮಂಗಟ್ಟೆ ಹಕ್ಕಿ, ಪುನುಗುಬೆಕ್ಕುಗಳಂತಹ ಜೀವಿಗಳೇ ಬೀಜ ಹರಡುವ ಕೆಲಸವನ್ನು ಮುಂದುವರಿಸುತ್ತವೆ. ರಸ್ತೆ ದಾಟುವಾಗ ಸಿಂಗಳೀಕಗಳು ಸಾಯದಂತೆ ಮರಗಳ ನಡುವೆ ತೂಗುಸೇತುವೆಗಳನ್ನೂ ಕಟ್ಟಲಾಗಿದೆ.

ಕರ್ನಾಟಕದಲ್ಲಿ, ಕ್ಲೆಗ್‌ಹಾರ್ನ್ ಸೇವೆ ಸಲ್ಲಿಸಿದ ಸೀಮೆಯಲ್ಲಿಯೇ, ೨೦೧೧ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನೂ ೨೦೧೯ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನೂ ಘೋಷಿಸಲಾಯಿತು. ರಾಮಪತ್ರೆಯ ಜಡ್ಡಿಗಳೆಂಬ ಅಪರೂಪದ ಜೌಗುಕಾಡುಗಳೂ ಈ ಭಾಗದಲ್ಲಿವೆ. ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿಯಲ್ಲಿ ಖಾಸಗಿ ಜಮೀನನ್ನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿ ಸಂಪರ್ಕವನ್ನು ಭದ್ರಪಡಿಸಲಾಗಿದೆ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಗೆ ತಮಿಳುನಾಡು–ಆಂಧ್ರ ಗಡಿಯ ಕಾಡುಗಳಿಂದ ಆನೆಹಿಂಡುಗಳು ಬರುವುದರಿಂದ, ಮಳೆಕಾಡಿಲ್ಲದ ಒಣ ಜಿಲ್ಲೆಯಲ್ಲಿಯೂ ಕಾಡಿನ ಕೊಂಡಿಗಳ ಪ್ರಶ್ನೆ ಜೀವಂತವಾಗಿದೆ. ರೈತರ ಬೆಳೆ ಮತ್ತು ಜೀವಹಾನಿಗೆ ಪರಿಹಾರವನ್ನು ಕಾಣದೆ ಇಂತಹ ದಾರಿಗಳು ಉಳಿಯಲಾರವು. ಸ್ಥಳೀಯ ಜನರನ್ನು ಹೊರಗಿಟ್ಟು ಕಾಡನ್ನು ಕಾಯಹೊರಟ ಕ್ಲೆಗ್‌ಹಾರ್ನ್‌ನ ಕಾಲದ ಅನುಭವವು ಇಂದಿನ ಯೋಜನೆಗಳ ಚರ್ಚೆಯಲ್ಲಿ ಮತ್ತೆ ಮತ್ತೆ ಮುಖ್ಯವಾಗುವುದು ಈ ಕಾರಣದಿಂದಲೇ.

ಪ್ರಮುಖ ಕೃತಿಗಳು

ಹಾರ್ಟಸ್ ಮದ್ರಾಸ್‌ಪಟೆನ್ಸಿಸ್ (೧೮೫೩) – ಮದರಾಸಿನ ತೋಟದ ಸಸ್ಯಗಳ ಪಟ್ಟಿ.
ಪಾಚೊಂಟಿ ಮರವನ್ನು ಕುರಿತ ಟಿಪ್ಪಣಿ (೧೮೫೮).
ದಿ ಫಾರೆಸ್ಟ್ಸ್ ಅಂಡ್ ಗಾರ್ಡನ್ಸ್ ಆಫ್ ಸೌತ್ ಇಂಡಿಯಾ (೧೮೬೧) – ಮದರಾಸಿನ ಅರಣ್ಯ ಇಲಾಖೆಯ ಆರಂಭದ ವರ್ಷಗಳ ವರದಿಗಳನ್ನು ಒಳಗೊಂಡ ಮುಖ್ಯ ಗ್ರಂಥ.
ಪಂಜಾಬ್ ಮತ್ತು ಪಶ್ಚಿಮ ಹಿಮಾಲಯದ ಅರಣ್ಯಗಳ ವರದಿ (೧೮೬೪).